ಎಲ್ಲ ಮನೆಯಲ್ಲೂ ಒಂದೇ ಉತ್ತರ

ಬೊಮ್ಮ ಅಂಗಳಕ್ಕೆ ಬಂದು ಕೋಲನ್ನು ನೆಲಕ್ಕೆ ಊರಿ ನಿಂತಾಗ ಮುದುಕಿ ಲಕ್ಕಿ ಭತ್ತ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ. ಕೋಲಕಾರ ಬಂದನೆಂದರೆ ಊರಗೌಡನ ಮಾತು ಬಂದಿದೆ ಎಂದೇ ಅರ್ಥ. ಅದನ್ನು ಕೇಳಲು ಕಿವಿ ಸಾಕು.

"ನಾಳೆ ಶಾಲೆ ವಿಚಾರಕ್ಕೆ ಧಾರವಾಡದಿಂದ ಒಬ್ರು ಬತ್ರು" ಎಂದ ಬೊಮ್ಮ. "ಮಕ್ಕಳು ಶಾಲಿಗೆ ಹೋಗ್ತ್ರಾ ಕೇಳ್ತ್ರು. ಎಲ್ಲಾ ಮಕ್ಕಳೂ ಆಚೆ ದಡದ ದೊಡ್ಡ ಶಾಲಿಗೆ ಹೋಗ್ತ್ರು ಅನ್ನೂದು. ಗೌಡ್ರ ಮಾತು."

"ನನ್ನ ಮೊಮ್ಮಗ ಇನ್ನೂ ಅಂಬೆಗಾಲಲ್ಲಿ ಅದೆ. ಅದೂ ಹೋಗ್ತದ್ಯಾ?"

"ಹೋಗ್ತದೆ ಅನ್ನು."

"ನಡ್ಕಂಡಾ, ಈಜ್ಕಂಡಾ?"

"ಹೆಂಗಾರೂ ಹೋಗ್ಲಿ ಮಾರಾಯ್ತಿ. ನಂಗಿನ್ನೂ ಅರ್ಧ ಕೊಪ್ಪ ತಿರುಗೂಕಿದೆ."

ಲಕ್ಕಿ ನಕ್ಕಳು. ಬೊಮ್ಮ ಮುಂದಿನ ಮನೆಗೆ ಹೋಗಿ ಅದೇ ಮಾತನ್ನು ಅದೇ ಶಬ್ದಗಳಲ್ಲಿ ಹೇಳಿದ. ಅದು 1963ರ ಜನವರಿ.

ಕುಮಟೆಯಿಂದ ಅಘನಾಶಿನಿ ಹೊಳೆಯ ಕಡೆಗೆ ಹೋದರೆ ಕಾಗಾಲದ ಹತ್ತಿರ ಗಜನಿ ಭೂಮಿ ಸಿಗುತ್ತದೆ. ಗಜನಿ ಎಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗುಗದ್ದೆ. ಅದರ ಒಂದು ಅಂಚಿನಲ್ಲಿ ಕಾಂಡ್ಲಕೊಪ್ಪ ಎಂಬ ಹಾಲಕ್ಕಿ ಒಕ್ಕಲಿಗರ ಸಣ್ಣ ಊರಿತ್ತು. ದೊಡ್ಡ ಶಾಲೆ ಇದ್ದದ್ದು ಇನ್ನೊಂದು ಅಂಚಿನಲ್ಲಿ. ನಡುವೆ ಗಜನಿಯ ಮಣ್ಣಿನ ಕಟ್ಟು. ಬೇಸಿಗೆಯಲ್ಲಿ, ಇಳಿತದ ಹೊತ್ತಿನಲ್ಲಿ, ಆ ಕಟ್ಟಿನ ಮೇಲೆ ಕಾಲು ಒದ್ದೆಯಾಗದೆ ನಡೆದು ಹೋಗಬಹುದಿತ್ತು. ಮಳೆಗಾಲದಲ್ಲಿ ಕಟ್ಟು ಕಾಣುತ್ತಲೇ ಇರಲಿಲ್ಲ.

ಕೊಪ್ಪಕ್ಕೆ ತನ್ನದೇ ಆಡಳಿತವಿತ್ತು. ಮೇಲೆ ಊರಗೌಡ, ಅವನ ಮಾತನ್ನು ಮನೆಮನೆಗೆ ಮುಟ್ಟಿಸಲು ಕೋಲಕಾರ. ಎರಡೂ ತಲೆಮಾರಿನಿಂದ ಬಂದ ಕೆಲಸಗಳು. ಬೊಮ್ಮನ ಅಪ್ಪ ಕೋಲಕಾರನಾಗಿದ್ದ, ಅಜ್ಜನೂ ಆಗಿದ್ದ. ಮದುವೆಯ ಕರೆ, ಸಾವಿನ ಸುದ್ದಿ, ಜಗಳದ ನ್ಯಾಯಕ್ಕೆ ಸೇರಬೇಕಾದ ದಿನ, ಎಲ್ಲವನ್ನೂ ಅವನೇ ಹೇಳಬೇಕು. ಹೇಳಿದ್ದಕ್ಕೆ ತನ್ನದೊಂದು ಶಬ್ದ ಸೇರಿಸುವಂತಿಲ್ಲ, ಒಂದು ಶಬ್ದ ಬಿಡುವಂತಿಲ್ಲ. ಹೊರಗಿನವರು ಬಂದಾಗ ಇನ್ನೊಂದು ನೇಮವಿತ್ತು. ಊರಗೌಡ ಒಂದು ಮಾತು ಆಡಿದ ಮೇಲೆ ಕೊಪ್ಪದ ಯಾವ ಮನೆಯೂ ಹೊರಗಿನವರೆದುರು ಬೇರೆ ಮಾತು ಆಡುವುದಿಲ್ಲ. ಒಳಗೆ ಎಷ್ಟು ಬೇಕಾದರೂ ಕಾದಾಡಬಹುದು. ಹೊರಗೆ ಕೊಪ್ಪಕ್ಕೆ ಒಂದೇ ಬಾಯಿ.

ಆಗ ಊರಗೌಡನಾಗಿದ್ದವನು ಮಾಸ್ತಿ. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಧಾರವಾಡದವರು ಬರುವ ಸುದ್ದಿಯನ್ನು ಅವನು ಕುಮಟೆಯ ಸಂತೆಯಲ್ಲಿ ಕೇಳಿ ಬಂದಿದ್ದ. ಅದರ ಜೊತೆಗೆ ಇನ್ನೊಂದು ಸುದ್ದಿಯೂ ಬಂದಿತ್ತು. ಎರಡು ವರ್ಷದ ಹಿಂದೆ ರಾಜ್ಯದಲ್ಲಿ ಕಡ್ಡಾಯ ಶಿಕ್ಷಣದ ಕಾಯ್ದೆ ಆಗಿದೆ, ಮಕ್ಕಳನ್ನು ಶಾಲೆಗೆ ಕಳಿಸದ ತಂದೆಗೆ ದಂಡ ಹಾಕುತ್ತಾರೆ, ಈಗ ಬರುವವನು ಯಾರಿಗೆ ದಂಡ ಹಾಕಬೇಕೆಂದು ನೋಡಿಕೊಂಡು ಹೋಗಲು ಬರುವವನು, ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಕಾಯ್ದೆ ಇದ್ದದ್ದು ನಿಜ. ಉಳಿದದ್ದು ಸಂತೆಯ ಮಾತು.

ಕೊಪ್ಪದ ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ ಎಂದೇನಲ್ಲ. ಮಾಸ್ತಿಯ ಮನೆಯ ಹಳೆಯ ಕೊಟ್ಟಿಗೆಯಲ್ಲಿ ಒಂದರಿಂದ ನಾಲ್ಕನೇ ಇಯತ್ತೆಯವರೆಗೆ ಪಾಠ ನಡೆಯುತ್ತಿತ್ತು. ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಮಳೆಗಾಲದಲ್ಲಿ ಶಾಲೆಗೆ ಹೊರಟ ಪಾತಿ ದೋಣಿ ಮಗುಚಿ ಮಾಸ್ತಿಯ ತಮ್ಮನ ಮಗ ತೀರಿಕೊಂಡಿದ್ದ. ಆಮೇಲೆ ಕೊಪ್ಪ ಮಕ್ಕಳನ್ನು ಮಳೆಯಲ್ಲಿ ದಾಟಿಸುವುದನ್ನು ನಿಲ್ಲಿಸಿತು. ಅಂದಿನ ದಿಪೋಟಿ ಸಾಹೇಬರು, ಅಂದರೆ ಶಾಲೆಗಳ ತನಿಖೆ ಮಾಡುವ ಅಧಿಕಾರಿ, ದೊಡ್ಡ ಶಾಲೆಯ ಶಾಖೆಯೆಂದು ಒಬ್ಬ ಮಾಸ್ತರರನ್ನು ಈಚೆಗೆ ಕಳಿಸಿದರು. ಬಾಯಿಮಾತಿನ ಏರ್ಪಾಡು ಅದು. ಹಾಜರಿ ಪಟ್ಟಿಯೆಲ್ಲ ದೊಡ್ಡ ಶಾಲೆಯದೇ. ಕಾಗದದಲ್ಲಿಲ್ಲದ ಕೊಟ್ಟಿಗೆಯ ಪಾಠವನ್ನು ತೋರಿಸಿದರೆ, ಮಕ್ಕಳನ್ನು ಶಾಲೆಗೆ ಕಳಿಸಿಲ್ಲವೆಂದೇ ದಂಡ ಹಾಕಿಯಾರು ಎಂಬುದು ಮಾಸ್ತಿಯ ಹೆದರಿಕೆ.

ಮಾಸ್ತರರ ಹೆಸರು ಅನಂತಮೂರ್ತಿ. ಧಾರೇಶ್ವರದ ಕಡೆಯ ತೋಟದ ಮನೆತನದವರು. ಮಳೆಗಾಲದಲ್ಲಿ ಅವರೊಬ್ಬರೇ ಪಾತಿಯಲ್ಲಿ ದಾಟಿ ಬರುತ್ತಿದ್ದರು. ಬೊಮ್ಮನ ಮಗಳು ಬಂಗಾರಿ ಅವರ ಬಳಿ ಎರಡನೇ ಇಯತ್ತೆಯಲ್ಲಿದ್ದಳು. ಒಮ್ಮೆ ಬೊಮ್ಮ ಕೊಟ್ಟಿಗೆಯ ಎದುರು ಹಾದು ಹೋಗುವಾಗ ಮಾಸ್ತರರು ಕರೆದರು.

"ಏ ಬೊಮ್ಮ, ನಿನ್ನ ಮಗಳನ್ನ ಬಿಡಿಸ್ಬೇಡ. ನಾಲ್ಕು ಮುಗೀಲಿ. ಆಮೇಲೆ ನಮ್ಮನೇಲೇ ಇದ್ದು ಓದ್ಲಿ, ಗಂಗಾ ನೋಡ್ಕೊಳ್ತಾಳೆ." ಗಂಗಾ ಮಾಸ್ತರರ ಹೆಂಡತಿ. "ಏಳನೇದು ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ್ರೆ ಅಕ್ಕೋರಾಗ್ತಾಳೆ, ನನ್ನ ಹಾಗೆ ಶಾಲೇಲಿ ಪಾಠ ಹೇಳ್ತಾಳೆ."

"ಎಂತ ಅಕ್ಕೋರು ಒಡ್ಯಾ, ನಮ್ಮ ಪೈಕಿ?"

"ಯಾಕೆ, ನಿಮ್ಮ ಪೈಕಿಯವರಿಗೆ ನಾಲಿಗೆ ಇಲ್ವೋ?"

ಬೊಮ್ಮ ಅದನ್ನು ಮನೆಯಲ್ಲಿ ಹೇಳಿದ. ಹೆಂಡತಿ ದುರ್ಗಿ, "ಮಾಸ್ತರ್ರಿಗೆ ಮರುಳು" ಎಂದಳು. ಆದರೆ ಆ ವರ್ಷದಿಂದ ಬಂಗಾರಿಯನ್ನು ಸೊಪ್ಪು ತರಲು ಕಳಿಸುವುದನ್ನು ಬಿಟ್ಟಳು. ಆ ಕೆಲಸವನ್ನು ತಾನೇ ಮಾಡಿದಳು.

ಧಾರವಾಡದಿಂದ ಬಂದವರು ರಮಾನಂದ. ಮೂವತ್ತರೊಳಗಿನ ವಯಸ್ಸು, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ರಾಜ್ಯಗಳ ಪುನರ್ವಿಂಗಡಣೆಯಾಗಿ ಆರು ವರ್ಷ ಕಳೆದಿದ್ದರೂ ಮುಂಬಯಿಯಿಂದ ಬಂದ ಶಾಲೆಗಳು ಒಂದು ಕಟ್ಟಳೆಯಲ್ಲಿ, ಹಳೆ ಮೈಸೂರಿನ ಶಾಲೆಗಳು ಇನ್ನೊಂದು ಕಟ್ಟಳೆಯಲ್ಲಿ ನಡೆಯುತ್ತಿದ್ದವು. ಎರಡನ್ನೂ ಒಂದು ಮಾಡುವ ಮೊದಲು ಯಾವ ಊರಿಗೆ ಶಾಲೆ ತಲುಪಿದೆ, ಯಾವ ಊರಿಗೆ ತಲುಪಿಲ್ಲ ಎಂದು ತಿಳಿಯಬೇಕಿತ್ತು. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕು ರಮಾನಂದರ ಪಾಲಿಗೆ ಬಂದಿದ್ದವು. ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಇದ್ದು ಮಕ್ಕಳು ಅಲ್ಲಿಗೆ ಹೋಗುತ್ತಿದ್ದರೆ ಆ ಊರಿಗೆ ಬೇರೆ ಶಾಲೆ ಬೇಡ. ಹಾಗೆ ಉಳಿದ ಮಾಸ್ತರರನ್ನು ಶಾಲೆಯೇ ಇಲ್ಲದ ಊರಿಗೆ ಕಳಿಸಬೇಕು. ನಿಯಮ ನ್ಯಾಯವಾಗಿಯೇ ಇತ್ತು.

ರಮಾನಂದರು ಅವಸರದ ಮನುಷ್ಯರಲ್ಲ. ಊರ ಮುಖ್ಯಸ್ಥನೊಬ್ಬನನ್ನೇ ಕೇಳಿ ಬರೆದುಕೊಂಡು ಹೋಗುವವರನ್ನು ಅವರು ನಂಬುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಬೇರೆ ಬೇರೆಯಾಗಿ ಕೇಳಬೇಕು, ಹೆಂಗಸರನ್ನೂ ಕೇಳಬೇಕು, ಉತ್ತರಗಳು ತಾಳೆಯಾಗದಿದ್ದರೆ ಮತ್ತೆ ಕೇಳಬೇಕು ಎಂಬುದು ಅವರ ಪದ್ಧತಿ.

ಅವರು ಬರುವ ದಿನ ಬೆಳಿಗ್ಗೆ ಮಾಸ್ತಿ ಇನ್ನೊಂದು ಅಪ್ಪಣೆ ಕೊಟ್ಟ. ಆಡಿದ ಮಾತು ಸುಳ್ಳಾಗಬಾರದು, ಆದ್ದರಿಂದ ಮಕ್ಕಳೆಲ್ಲ ಇವತ್ತು ದೊಡ್ಡ ಶಾಲೆಗೇ ಹೋಗಲಿ. ನೀರು ಇಳಿದಿತ್ತು. ಬೊಮ್ಮ ಮಕ್ಕಳನ್ನು ಸಾಲಾಗಿ ಕಟ್ಟಿನ ಮೇಲೆ ನಡೆಸಿಕೊಂಡು ಹೊರಟ. ಬಂಗಾರಿ ಎಲ್ಲರಿಗಿಂತ ಮುಂದೆ ಇದ್ದಳು. ಅರ್ಧ ದಾರಿಯಲ್ಲಿ ಎದುರಿನಿಂದ ರಮಾನಂದರು ಬಂದರು.

"ಎಲ್ಲಿಗೆ ಹೊರಟಿದ್ದೀರಿ?" ಎಂದು ಅವರು ನಗುತ್ತಾ ಮಕ್ಕಳನ್ನು ಕೇಳಿದರು.

"ಶಾಲಿಗೆ" ಎಂದಳು ಬಂಗಾರಿ. ಅದು ಸುಳ್ಳಾಗಿರಲಿಲ್ಲ.

ಈಚೆ ದಡದಲ್ಲಿ ಅನಂತಮೂರ್ತಿ ಮಾಸ್ತರರು ಆಗಲೇ ಬಂದು ಕೊಟ್ಟಿಗೆಯ ಎದುರು ದಿಕ್ಕು ತೋಚದೆ ನಿಂತಿದ್ದರು. ಮಾಸ್ತಿಯ ಮನೆಯವರು ಕೊಟ್ಟಿಗೆಯನ್ನು ಗುಡಿಸಿ, ಕಪ್ಪು ಹಲಗೆಯನ್ನು ಮನೆಯೊಳಗಿಟ್ಟು, ಎರಡು ಎಮ್ಮೆ ಕಟ್ಟಿದ್ದರು. ರಮಾನಂದರು ಬಂದಾಗ ಮಾಸ್ತರರು, "ಇದೇ ಶಾಲೆ ಸ್ವಾಮಿ. ಮಳೆಗಾಲದಲ್ಲಿ ಇದಿಲ್ಲದೆ ಈ ಮಕ್ಕಳಿಗೆ ಗತಿ ಇಲ್ಲ" ಎಂದರು. ರಮಾನಂದರು ಎಮ್ಮೆಗಳನ್ನು ನೋಡಿದರು. ಮಾಸ್ತಿಯತ್ತ ತಿರುಗಿದರು.

"ಮಕ್ಕಳು ದೊಡ್ಡ ಶಾಲಿಗೆ ಹೋಗ್ತ್ರು" ಎಂದ ಮಾಸ್ತಿ.

"ಮಾಸ್ತೀ, ಎಂತ ಹೇಳ್ತಾ ಇದ್ದೀಯೋ?" ಮಾಸ್ತರರ ಸ್ವರ ಏರಿತು. "ನಿನ್ನ ಕೊಟ್ಟಿಗೆಯಲ್ಲೇ ಅಲ್ವೋ ನಾನು ಇಷ್ಟು ವರ್ಷ ಗಂಟಲು ಹರ್ಕೊಂಡದ್ದು?"

ಮಾಸ್ತಿ ಎಮ್ಮೆಗಳ ಮುಂದೆ ಹುಲ್ಲು ಹಾಕಿದ. ರಮಾನಂದರು ಮನೆಯಿಂದ ಮನೆಗೆ ಹೋದರು. ಎಲ್ಲ ಕಡೆಯೂ ದಾರಿ ತೋರಿಸಿದವನು, ದೊಡ್ಡ ಶಾಲೆಯಿಂದ ಮರಳಿ ಬಂದಿದ್ದ ಬೊಮ್ಮ. ಅವನು ಅಂಗಳದ ಆಚೆಯೇ ನಿಲ್ಲುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಲಕ್ಕಿ ಗಂಭೀರವಾಗಿ, ಎಲ್ಲ ಮಕ್ಕಳೂ ದೊಡ್ಡ ಶಾಲೆಗೆ ಹೋಗುತ್ತಾರೆ ಎಂದಳು. ಹಮ್ಮ ಎಂಬ ಪಕ್ಕದ ಮನೆಯವನು ಅದನ್ನೇ ಹೇಳಿದ. ದುರ್ಗಿ ತಲೆ ತಗ್ಗಿಸಿ ಅದನ್ನೇ ಹೇಳಿದಳು.

ಹಿಂದಿರುಗುವಾಗ ಬೊಮ್ಮ ಅವರನ್ನು ಕಟ್ಟಿನವರೆಗೆ ಬಿಡಲು ಹೋದ. ರಮಾನಂದರು ಒಂದು ಕಡೆ ನಿಂತು ನೀರು ನೋಡಿದರು.

"ಮಳೆಗಾಲದಲ್ಲಿ ಈ ದಾರಿ ಹೇಗಿರುತ್ತದೆ?"

ಬೊಮ್ಮ ಹಿಂದೆ ತಿರುಗಿ ಕೊಪ್ಪದ ಕಡೆ ನೋಡಿದ. ಆಗ ಅವನ ಪಕ್ಕದಲ್ಲಿ ಕೊಪ್ಪದವರು ಬೇರೆ ಯಾರೂ ಇರಲಿಲ್ಲ.

"ಗೌಡ್ರು ಹೇಳಿದ್ರಲ್ಲ ಒಡ್ಯಾ" ಎಂದ ಕೊನೆಗೆ. "ಹೋಗ್ತ್ರು."

ವರದಿ ಮುಗಿದದ್ದು ಒಂದು ವರ್ಷದ ನಂತರ. ಆ ವರದಿ ಕೆಟ್ಟದ್ದಾಗಿರಲಿಲ್ಲ. ಹೊನ್ನಾವರ ತಾಲೂಕಿನಲ್ಲಿ ಶರಾವತಿಯ ಮೇಲ್ಭಾಗದ ಹಲವು ಕೇರಿಗಳಿಗೆ ಮೊದಲ ಬಾರಿ ಶಾಲೆ ಸಿಕ್ಕಿದ್ದು ಅದರ ಶಿಫಾರಸಿನಿಂದ. ಭಟ್ಕಳದ ಕಡೆ, ಮನೆಯಲ್ಲಿ ಕನ್ನಡ ಆಡದ ಮಕ್ಕಳು ಒಂದನೇ ತರಗತಿಯಲ್ಲೇ ಯಾಕೆ ವರ್ಷಗಟ್ಟಲೆ ಉಳಿಯುತ್ತಾರೆ ಎಂದು ಅಷ್ಟು ತಾಳ್ಮೆಯಿಂದ ಕೇಳಿ ಬರೆದವರು ಅದಕ್ಕೆ ಮೊದಲು ಇರಲಿಲ್ಲ. ಕಾಂಡ್ಲಕೊಪ್ಪದ ಬಗ್ಗೆ ಅದರಲ್ಲಿ ಇದ್ದದ್ದು ಮೂರು ಸಾಲು. ಊರಿನ ಎಲ್ಲ ಮನೆಗಳೂ ಒಂದೇ ಉತ್ತರ ಕೊಟ್ಟಿವೆ. ಮಕ್ಕಳು ಕಟ್ಟಿನ ಮೇಲೆ ದೊಡ್ಡ ಶಾಲೆಗೆ ಹೋಗುವುದನ್ನು ಕಣ್ಣಾರೆ ಕಂಡಿದೆ. ಶಾಖೆ ಹೆಸರಿಗೆ ಮಾತ್ರ ಇರುವಂತಿದ್ದು, ಅದು ಬೇಕೆನ್ನುವವರು ಅಲ್ಲಿಯ ಶಿಕ್ಷಕರೊಬ್ಬರೇ.

1964ರ ಏಪ್ರಿಲ್‌ನಲ್ಲಿ ಶಾಖೆಯನ್ನು ಮುಚ್ಚುವ ಆದೇಶ ಬಂತು. ಇಲ್ಲದ ಶಾಲೆಯ ಸಂಬಳ ತಿಂದರೆಂಬ ಅನುಮಾನ ಮಾಸ್ತರರ ಮೇಲೆ ಉಳಿಯಿತು. ವಿಚಾರಣೆ ನಡೆಸದೆ ಅವರನ್ನು ಭಟ್ಕಳದ ಆಚೆಗೆ ವರ್ಗ ಮಾಡಿದರು. ಹೊರಡುವ ಮುನ್ನ ಅವರು ಕೊಪ್ಪಕ್ಕೆ ಬಂದು ಕಪ್ಪು ಹಲಗೆ ತೆಗೆದುಕೊಂಡು ಹೋದರು. ಬೊಮ್ಮ ಹಲಗೆ ಹೊರಲು ಕೈ ಹಾಕಿದ.

"ಬೇಡ" ಎಂದರು ಮಾಸ್ತರರು. "ನೀನು ಅವತ್ತು ಹೊತ್ತದ್ದು ಸಾಕು."

ಗಂಗಾ ಕೂಡ ಅವರ ಜೊತೆ ಹೋಗುವವಳಿದ್ದಳು. ಬಂಗಾರಿ ಅವರ ಮನೆಯಲ್ಲಿದ್ದು ಓದುವ ಮಾತು ಅಲ್ಲಿಗೆ ಮುಗಿಯಿತು. ಅವಳು ಆಗಷ್ಟೇ ಮೂರನೇ ಇಯತ್ತೆ ಪಾಸಾಗಿದ್ದಳು. ಮಳೆಗಾಲ ಪೂರ್ತಿ ಹೋಗದ ಮಗುವಿನ ಹೆಸರನ್ನು ದೊಡ್ಡ ಶಾಲೆಯವರು ಇಟ್ಟುಕೊಳ್ಳುವುದಿಲ್ಲ. ಜೂನ್‌ಗೆ ಮೊದಲು ಏನಾದರೂ ಆಗಬೇಕಿತ್ತು.

"ನೀನೇ ಅಲ್ದಾ ಕೋಲು ಹಿಡ್ಕಂಡು ಮನಿಮನಿಗೆ ಹೇಳಿ ಬಂದವ?" ಎಂದಳು ದುರ್ಗಿ. "ನನ್ನ ಬಾಯಲ್ಲೂ ಹೇಳ್ಸಿದೆ."

"ಗೌಡ್ರ ಮಾತು ಅದು."

"ಗೌಡ್ರ ಮಗಳಲ್ಲ ಇವಳು."

ಬೊಮ್ಮ ಮಾಸ್ತಿಯ ಬಳಿ ಹೋದ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕು, ಕುಮಟೆಗೆ ಹೋಗಿ ಮಳೆಗಾಲದಲ್ಲಿ ದಾರಿ ಇಲ್ಲವೆಂದು ಹೇಳಬೇಕು ಎಂದು ಕೇಳಿದ. ಕೋಲಕಾರ ಊರಗೌಡನಿಗೆ ಹೀಗೆ ಕೇಳಿದ್ದು ಕೊಪ್ಪದಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ.

"ದೋಣಿ ಮಗುಚಿದ್ದು ಹೇಳ್ಬೇಕಾ?" ಎಂದು ಕೇಳಿದ ಮಾಸ್ತಿ.

"ಅದನ್ನೂ ಹೇಳ್ಬೇಕಾತು."

"ಆ ಹುಡುಗನ್ನ ನೀರಿಂದ ಎತ್ತಿದವ ನಾನು. ಕುಮಟೆ ಕಚೇರೀಲಿ ನಿಂತು ಅವನ ಹೆಸರು ತೆಗೀಲಿಕ್ಕೆ ನನ್ನಿಂದ ಆಗೂದಿಲ್ಲ." ಮಾಸ್ತಿ ಮತ್ತೆ ಹೇಳಿದ. "ಕೊಪ್ಪದ ಮಾತು ಎರಡಾದ್ರೆ ನಾಳೆ ನಮ್ಮನ್ನ ಯಾರು ನಂಬ್ತ್ರು? ಹೋತು, ಬಿಡು. ನಾಮು ಯಾವ ಕಾಲಕ್ಕೆ ಓದಿದವರು?"

ಬೊಮ್ಮ ಕೋಲನ್ನು ಮಾಸ್ತಿಯ ಜಗಲಿಗೆ ಒರಗಿಸಿ ಎದ್ದ. ಮಾಸ್ತಿ ಅದನ್ನು ನೋಡಿದ, ತಡೆಯಲಿಲ್ಲ.

ಮರುದಿನ ಅವನು ಕುಮಟೆಯ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತರು ಕೇಳುವಷ್ಟು ಕೇಳಿ, "ಊರಿಡೀ ಒಂದು ಹೇಳಿದೆ, ನೀನೊಬ್ಬ ಒಂದು ಹೇಳ್ತೀಯ. ಯಾವುದನ್ನ ಹಿಡಿಯೋಣ? ಆ ಸಾಹೇಬ್ರು ಹೊನ್ನಾವರದಲ್ಲಿದ್ದಾರಂತೆ, ಅಲ್ಲೇ ಕೇಳು" ಎಂದರು. ಬೊಮ್ಮ ಮೋಟಾರು ಹತ್ತಿ ಹೊನ್ನಾವರಕ್ಕೆ ಹೋದ. ಬಂದರಿನ ಹತ್ತಿರದ ಒಂದು ಖಾನಾವಳಿಯ ಮಹಡಿಯಲ್ಲಿ ರಮಾನಂದರು ಇಳಿದುಕೊಂಡಿದ್ದರು. ಜೂನ್‌ಗೆ ತೆರೆಯುವ ಹೊಸ ಶಾಲೆಗಳ ತಯಾರಿ ನೋಡಲು ಬಂದಿದ್ದರು.

ಬೊಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಸಂತೆಯ ಸುದ್ದಿ, ಮನೆಮನೆಗೆ ಮುಟ್ಟಿಸಿದ ಮಾತು, ಎಮ್ಮೆ ಕಟ್ಟಿದ್ದು, ಮಕ್ಕಳನ್ನು ದಾಟಿಸಿದ್ದು, ಮಗುಚಿದ ಪಾತಿ. ರಮಾನಂದರು ಕೊನೆಯವರೆಗೆ ಕೇಳಿದರು.

"ಎಲ್ಲ ಮನೆಯಲ್ಲೂ ಉತ್ತರ ಒಂದೇ ಇತ್ತು" ಎಂದರು ಆಮೇಲೆ. "ಅದಕ್ಕೇ ನಂಬಿದೆ. ಬೇರೆ ಬೇರೆ ಇದ್ದಿದ್ದರೆ ಮತ್ತೆ ಕೇಳುತ್ತಿದ್ದೆ." ಮತ್ತೆ, "ಕಟ್ಟಿನ ಮೇಲೆ ನಿನ್ನನ್ನೇ ಕೇಳಿದ್ದೆನಲ್ಲಪ್ಪ" ಎಂದರು.

"ಕೇಳಿದ್ರಿ ಒಡ್ಯಾ."

"ಒಂದು ಮಾತು ಹೇಳಿದ್ದರೆ ಸಾಕಿತ್ತು."

"ಹೌದು" ಎಂದ ಬೊಮ್ಮ. "ಈಗ ಹೇಳ್ದೆ. ಈಗ ಎಂತ ಮಾಡೂಕಾಗ್ತದೆ?"

ಆಗುವುದು ಹೆಚ್ಚೇನೂ ಇರಲಿಲ್ಲ. ವರದಿಯನ್ನು ಸರ್ಕಾರ ಒಪ್ಪಿಯಾಗಿತ್ತು. ಕೊಪ್ಪದ ಮಾಸ್ತರರ ಜಾಗವನ್ನು ಶರಾವತಿಯ ಮೇಲಿನ ಒಂದು ಕೇರಿಗೆ ಕೊಟ್ಟಾಗಿತ್ತು, ಅಲ್ಲಿ ಜೂನ್‌ಗೆ ಮಕ್ಕಳ ಹೆಸರು ಬರೆಸಿಕೊಂಡಾಗಿತ್ತು. ಅದನ್ನು ಕಿತ್ತು ಇತ್ತ ತರಲು ಬರುವುದಿಲ್ಲ. ಹೊಸ ಜಾಗ ಬೇಕೆಂದರೆ ಮತ್ತೆ ವಿಚಾರಣೆಯಾಗಬೇಕು, ಅದಕ್ಕೆ ಸರದಿ ಇದೆ. ರಮಾನಂದರು ಇದನ್ನೆಲ್ಲ ಮುಚ್ಚಿಡದೆ ಹೇಳಿದರು. ಬೊಮ್ಮನಿಗೆ ಊಟ ಮಾಡಿ ಹೋಗಲು ಹೇಳಿದರು. ಅವನು ಊಟ ಮಾಡಲಿಲ್ಲ, ಮೋಟಾರು ತಪ್ಪುತ್ತದೆ ಎಂದ.

ರಮಾನಂದರು ಅದನ್ನು ಮಾತಿನಲ್ಲೇ ಬಿಟ್ಟುಬಿಡಲಿಲ್ಲ. ಕಾಂಡ್ಲಕೊಪ್ಪದ ಬಗ್ಗೆ ತಾವು ತಪ್ಪಿದ್ದೇವೆಂದು ಸಂಸ್ಥೆಗೆ ಬರೆದು, ಅನಂತಮೂರ್ತಿ ಮಾಸ್ತರರ ಮೇಲಿನ ಅನುಮಾನಕ್ಕೆ ಆಧಾರವಿಲ್ಲವೆಂದು ಇಲಾಖೆಗೂ ತಿಳಿಸಿದರು. ಮುಂದಿನ ಸಮೀಕ್ಷೆಗಳಿಗೆ ಎರಡು ಸೂಚನೆ ಸೇರಿದವು. ಇಂಥ ಊರುಗಳಿಗೆ ಮೊದಲೇ ಸುದ್ದಿ ಕೊಟ್ಟು ಹೋಗಬಾರದು. ನೀರಿನ ಬದಿಯ ಊರುಗಳನ್ನು ಮಳೆಗಾಲದಲ್ಲಿ ಒಮ್ಮೆ ನೋಡದೆ ಏನನ್ನೂ ಬರೆಯಬಾರದು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅದನ್ನು ಖಾತ್ರಿ ಎಂದುಕೊಳ್ಳಬಾರದು ಎಂದೂ ಅವರು ಬರೆದಿದ್ದರು. ಸಂಸ್ಥೆಯ ಹಿರಿಯರು ಆ ವಾಕ್ಯವನ್ನು ಅನವಶ್ಯಕವೆಂದು ತೆಗೆದುಹಾಕಿದರು.

ಕೊಪ್ಪದಲ್ಲಿ ಕೋಲು ಹಮ್ಮನಿಗೆ ಹೋಯಿತು. ಬೊಮ್ಮನನ್ನು ಯಾರೂ ಬಹಿಷ್ಕರಿಸಲಿಲ್ಲ. ಆದರೆ ಹಮ್ಮ ಕರೆ ಹೇಳಲು ಬಂದಾಗ ಅವನ ಮನೆಗೆ ಕೊನೆಗೆ ಬರುತ್ತಿದ್ದ, ಅಂಗಳಕ್ಕೆ ಇಳಿಯದೆ ದಾರಿಯಲ್ಲೇ ನಿಂತು ಹೇಳುತ್ತಿದ್ದ. ಬೊಮ್ಮ ಉತ್ತರ ಕೊಡಲು ಎದ್ದು ಬರುವಷ್ಟರಲ್ಲಿ ಹೋಗಿರುತ್ತಿದ್ದ.

ಆ ಜೂನ್‌ನಲ್ಲಿ ಮಳೆ ಸಕಾಲಕ್ಕೆ ಹಿಡಿಯಿತು. ಕಟ್ಟು ಮುಳುಗಿದ ಮೇಲೂ ಬಂಗಾರಿ ಕೆಲವು ದಿನ ಬೆಳಿಗ್ಗೆ ಪಾಟಿ ಚೀಲ ಹಿಡಿದು ಕೊಟ್ಟಿಗೆಯವರೆಗೆ ಹೋಗಿ ಬಂದಳು. ಒಂದು ದಿನ ಬೊಮ್ಮ ಎರವಲು ಪಾತಿ ತಂದು, "ಬಾ, ನಾನೇ ದಾಟಿಸ್ತೆ" ಎಂದ. ದುರ್ಗಿ ಮಗಳ ಕೈ ಹಿಡಿದು ನಿಂತಳು, ಬಿಡಲಿಲ್ಲ.

"ನೀ ಹೋಗು ಬೇಕಾದ್ರೆ. ಇವಳು ಬರೂದಿಲ್ಲ."

ಬೊಮ್ಮ ನೀರು ನೋಡಿದ. ಪಾತಿಯನ್ನು ಮರಳಿ ಕೊಟ್ಟು ಬಂದ.

ಮರುವಿಚಾರಣೆಗೆ ಹೊಸಬರೊಬ್ಬರು 1967ರ ಜುಲೈನಲ್ಲಿ, ಮೊದಲೇ ತಿಳಿಸದೆ, ಪಾತಿಯಲ್ಲಿ ಬಂದರು. ಮಾಸ್ತಿ ಆಗ ತೀರಿಕೊಂಡಿದ್ದ. ಪ್ರತಿ ಮನೆಯವರೂ ತಮಗೆ ತೋಚಿದ್ದನ್ನು ಹೇಳಿದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅದನ್ನೆಲ್ಲ ಬರೆದುಕೊಂಡು ಅವರು, ಇಲ್ಲಿ ಶಾಲೆ ಬೇಕು ಎಂದು ಶಿಫಾರಸು ಮಾಡಿದರು.

ಕಾಂಡ್ಲಕೊಪ್ಪದ ಶಾಲೆ 1968ರ ಜೂನ್‌ನಲ್ಲಿ ಹೊಸದಾಗಿ ಶುರುವಾಯಿತು. ಆ ವರ್ಷ ಒಂದನೇ ತರಗತಿಗೆ ಮಾತ್ರ ಮಕ್ಕಳನ್ನು ತೆಗೆದುಕೊಂಡರು. ಬಂಗಾರಿಗೆ ಹದಿನಾಲ್ಕು ತುಂಬಿತ್ತು. ಅದೇ ವಾರ ಅವಳು ತಾಯಿಯ ಜೊತೆ ಧಾರೇಶ್ವರದ ಕಡೆಗೆ ಭತ್ತದ ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಹೋದಳು.